ಜಲರಾಣಿಯ ತಳ

ಅಳಿವೆಯ ದೋಣಿಗಳು ತಮ್ಮೊಳಗೆ ಒಂದು ಒಪ್ಪಂದ ಮಾಡಿಕೊಂಡಿದ್ದವು. ಯಾರದಾದರೂ ಮೈ ಒಡೆದರೆ ಉಳಿದವರೆಲ್ಲ ತಮ್ಮ ಮೈಯಿಂದ ತಲಾ ಒಂದು ಹಲಗೆ ಕಿತ್ತು ಕೊಡಬೇಕು. ಕಡಲಿಗೆ ಇಳಿಯುವ ಮೊದಲು ಪ್ರತಿಯೊಂದರ ತಳವನ್ನೂ ನೋಡುವ ಕೆಲಸ ಏಡಿಯದು.

ಎಲ್ಲಕ್ಕಿಂತ ದೊಡ್ಡ ದೋಣಿಯಾದ ಜಲರಾಣಿಗೆ ಇದು ಅವಮಾನವೆನಿಸುತ್ತಿತ್ತು. ಮೀನು ಬಂದಿದೆಯೆಂದು ಕೇಳಿ ಅದು ಹೊರಟು ನಿಂತಾಗ ಏಡಿ ಅಡ್ಡ ಬಂತು.

“ನಿನ್ನ ತಳವನ್ನು ಹುಳು ಕೊರೆದಿದೆ. ಮರಳಿಗೆ ಬಾ, ತಾಯಿ.”

“ಮೈ ಒಡೆದರೆ ಹಲಗೆ ಕೊಡಲು ಇಷ್ಟು ಜನ ಇದ್ದೀರಲ್ಲ! ದಾರಿ ಬಿಡು.”

ಪಕ್ಕದಲ್ಲಿದ್ದ ಪುಟ್ಟ ದೋಣಿ ಮೆಲ್ಲಗೆ ಹೇಳಿತು: “ಅಕ್ಕಾ, ಹೋದ ವರ್ಷ ಬಂಡೆಗೆ ಬಡಿದ ದೋಣಿಗೆ ನಾನೊಂದು ಹಲಗೆ ಕೊಟ್ಟೆ. ಇನ್ನೊಂದು ಕೊಟ್ಟರೆ ನಾನು ತೇಲಲಾರೆ. ಆದರೂ ಕೊಡುತ್ತೇನೆ, ಮಾತು ಕೊಟ್ಟಿದ್ದೇನೆ.”

ಜಲರಾಣಿ ಅದರ ಬದಿಯಲ್ಲಿದ್ದ ತೇಪೆಯನ್ನು ಅಂದೇ ಮೊದಲು ನೋಡಿತು. ಮರಳೇರಿ ಮಗ್ಗುಲಾಯಿತು. ಏಡಿ ತೂತುಗಳನ್ನು ಹುಡುಕಿ, ಹತ್ತಿ ತುರುಕಿ, ರಾಳ ಮೆತ್ತುವಷ್ಟರಲ್ಲಿ ಮೀನು ದೂರ ಹೋಗಿತ್ತು.

ಕೆಲವು ದಿನಗಳಲ್ಲಿ ಬಿರುಗಾಳಿ ಎದ್ದಿತು. ಜಲರಾಣಿ ಗಾಳಿಗೆ ಅಡ್ಡವಾಗಿ ನಿಂತು ಪುಟ್ಟ ದೋಣಿಯನ್ನು ತನ್ನ ಮರೆಯಲ್ಲೇ ದಡಕ್ಕೆ ಕರೆತಂದಿತು. ಆ ವರ್ಷ ಯಾರೂ ಹಲಗೆ ಕೀಳಬೇಕಾಗಲಿಲ್ಲ.