ಉಲ್ಟಾ ಚಪ್ಪಲಿಯೂ ಮಹಾರಾಜರ ಗರಗಸವೂ

ಒಂದಾನೊಂದು ಊರಿನಲ್ಲಿ, ಯಾವ ಊರು ಅಂತ ಕೇಳಬೇಡಿ, ಊರು ಅಂದಮೇಲೆ ಎಲ್ಲೋ ಒಂದು ಕಡೆ ಇರಲೇಬೇಕು, ಹಾಲೇಶಪ್ಪ ಅಂತ ಮಂಡಕ್ಕಿ ಹುರಿಯುವವನೊಬ್ಬ ಇದ್ದ. ಹೂಂ ಅನ್ನಿ. ಹೂಂ ಅಂದವರಿಗೆ ಕತೆ, ಅನ್ನದವರಿಗೆ ನಿದ್ದೆ.

ಈ ಹಾಲೇಶಪ್ಪ ಬಹಳ ಒಳ್ಳೆಯ ಮನುಷ್ಯ. ಎಷ್ಟು ಒಳ್ಳೆಯವನು ಅಂದರೆ, ಯಾರು ಏನು ಹೇಳಿದರೂ "ಆಯ್ತು ಬುದ್ಧಿ" ಅನ್ನುತ್ತಿದ್ದ. ದಾರಿ ಬಿಡು ಅಂದರೆ ಆಯ್ತು ಬುದ್ಧಿ. ನಿನ್ನ ಮನೆ ಕಟ್ಟೆಗೆ ನನ್ನ ಎಮ್ಮೆ ಕಟ್ಟುತ್ತೇನೆ ಅಂದರೆ ಆಯ್ತು ಬುದ್ಧಿ. ಆ ಎಮ್ಮೆ ಕತ್ತು ತಿರುಗಿಸಿ ಒಂದು ಸಲ ನೋಡಿದರೆ ಅದಕ್ಕೂ ಆಯ್ತು ಬುದ್ಧಿ.

ಅವನ ಹೆಂಡತಿ ಕೊಟ್ರಮ್ಮ ಹೆರಿಗೆಗೆ ಅಂತ ತವರಿಗೆ ಹೋದಳು. ಹೋಗುವಾಗ ಇಬ್ಬರು ಮಕ್ಕಳನ್ನು ಗಂಡನ ಕೈಗೆ ಕೊಟ್ಟು, "ಸ್ನಾನ ಮಾಡಿಸ್ರಿ, ತಲೆ ಬಾಚ್ರಿ, ಉಣ್ಣಾಕೆ ಹಾಕ್ರಿ, ಅಷ್ಟೇ" ಅಂದಳು. "ಅಷ್ಟೇ" ಅನ್ನುವ ಮಾತು ಎಷ್ಟು ದೊಡ್ಡದು ಅಂತ ಹಾಲೇಶಪ್ಪನಿಗೆ ಮರುದಿನ ಬೆಳಿಗ್ಗೆ ಗೊತ್ತಾಯಿತು.

ದೊಡ್ಡವಳು ಚಿಗರಿ. ಹೆಸರಿಗೆ ತಕ್ಕಂತೆ ಚಂಗನೆ ನೆಗೆಯುವವಳು. ಚಿಕ್ಕವನು ಕೆಂಚಣ್ಣ. ಅಕ್ಕ ಮಾಡಿದ್ದನ್ನೆಲ್ಲ ಮಾಡುವವನು, ಊಟ ಒಂದು ಬಿಟ್ಟು. ಒಬ್ಬಳಿಗೆ ಮೈ ಒರೆಸುವಷ್ಟರಲ್ಲಿ ಇನ್ನೊಬ್ಬ ಒಲೆಯ ಬೂದಿಯಲ್ಲಿ ಹೊರಳಿರುತ್ತಿದ್ದ. ಅವನನ್ನು ತೊಳೆಯುವಷ್ಟರಲ್ಲಿ ಅವಳು ಹಾಕಿದ ಜಡೆಯನ್ನು ಬಿಚ್ಚಿರುತ್ತಿದ್ದಳು. ಹಾಲೇಶಪ್ಪ ಹಾಕುವ ಜಡೆಯೂ ಹಾಗೇ ಇತ್ತು ಬಿಡಿ, ಬೆನ್ನಿಗೆ ಇಳಿಯಬೇಕಾದದ್ದು ಮೂಗಿನ ಕಡೆಗೆ ಹೊರಟಿರುತ್ತಿತ್ತು.

ಒಂದು ಬೆಳಿಗ್ಗೆ ಏನಾಯಿತು? ಚಿಗರಿ ತಾನೇ ಚಪ್ಪಲಿ ಮೆಟ್ಟಿಕೊಂಡಳು. ಎಡಗಾಲಿನದು ಬಲಗಾಲಿಗೆ, ಬಲಗಾಲಿನದು ಎಡಗಾಲಿಗೆ.

"ಉಲ್ಟಾ ಆತಲ್ಲವ್ವಾ" ಅಂದ ಹಾಲೇಶಪ್ಪ.

"ಉಲ್ಟಾ ಅಲ್ಲಪ್ಪಾ. ಇವುಕ್ಕೆ ಬ್ಯಾಸರ ಆಗೈತಂತೆ. ನೀನೇ ಕೇಳು."

ಹಾಲೇಶಪ್ಪ ಬಗ್ಗಿ ಕಿವಿ ಕೊಟ್ಟ. ಎಡ ಚಪ್ಪಲಿ ನಿಜಕ್ಕೂ ಮಾತಾಡುತ್ತಿತ್ತು.

"ಹುಟ್ಟಿದಾಗಿನಿಂದ ಬೀದಿಯ ಎಡಗಡೆಯನ್ನೇ ನೋಡಿ ನೋಡಿ ಸಾಕಾಗಿದೆ ಸ್ವಾಮಿ. ಎಡಗಡೆ ಬರೀ ಚರಂಡಿ. ಬಲಗಡೆ ಜಿಲೇಬಿ ಅಂಗಡಿ ಇದೆಯಂತೆ. ಈ ಬಲ ಚಪ್ಪಲಿ ದಿನಾ ಹೇಳಿ ಹೇಳಿ ಹೊಟ್ಟೆ ಉರಿಸುತ್ತದೆ."

"ಬರುವಾಗ ಜಿಲೇಬಿ ಅಂಗಡಿ ಎಡಗಡೆಗೇ ಬರ್ತದಲ್ಲ?" ಅಂದ ಹಾಲೇಶಪ್ಪ. ಅವನೂ ಏನು ಕಮ್ಮಿಯಿಲ್ಲ.

"ಬರುವಾಗ ಮಗು ನಿನ್ನ ಹೆಗಲ ಮೇಲೆ ನಿದ್ದೆ ಮಾಡುತ್ತಿರುತ್ತದೆ. ನಮ್ಮನ್ನು ಮುಖ ಕೆಳಗೆ ಮಾಡಿ ಕೈಯಲ್ಲಿ ಹಿಡಿದುಕೊಂಡಿರುತ್ತೀಯ. ನಮಗೆ ಕಾಣುವುದು ನಿನ್ನ ಪಂಚೆ ಮಾತ್ರ."

ಮಾತು ನಿಜವೇ. ಮಂಡಕ್ಕಿ ಹುರಿಯುವ ಭಟ್ಟಿಯ ಮರಳು ಕಾಯಿಸುವ ಹೊತ್ತು ಬೇರೆ ಮೀರುತ್ತಿತ್ತು. "ಆಯ್ತು ಬುದ್ಧಿ" ಅಂದ, ಚಪ್ಪಲಿಗೆ. ಅಕ್ಕನನ್ನು ನೋಡಿ ಕೆಂಚಣ್ಣನೂ ತನ್ನ ಚಪ್ಪಲಿಗಳನ್ನು ಅದಲುಬದಲು ಮಾಡಿಕೊಂಡ. ಆಮೇಲೆ ನಡೆಯಲಾರೆ ಅಂತ ಕೈ ಎತ್ತಿದ. ಅವನನ್ನು ಎತ್ತಿಕೊಂಡು, ಚಿಗರಿಯನ್ನು ನಡೆಸಿಕೊಂಡು ಹಾಲೇಶಪ್ಪ ಭಟ್ಟಿಗೆ ಹೋದ.

ಈಗ ಆ ಊರಿನ ರಾಜನ ಸಂಗತಿ ಕೇಳಿ. ಅವನ ಹೆಸರು ನೆಟ್ಟಗೇಂದ್ರ ಮಹಾರಾಜ. ಬೇರೆ ರಾಜರಿಗೆ ಬೇಟೆಯ ಹುಚ್ಚು, ಯುದ್ಧದ ಹುಚ್ಚು. ಇವನಿಗೆ ಹೆಜ್ಜೆಗುರುತಿನ ಹುಚ್ಚು. ಬೀದಿಗೆಲ್ಲ ನುಣ್ಣನೆಯ ಮಣ್ಣು ಹಾಸಿಸಿ, ಉಪ್ಪರಿಗೆಯ ಮೇಲೆ ಸಿಂಹಾಸನ ಹಾಕಿಸಿಕೊಂಡು, ಪ್ರಜೆಗಳ ಹೆಜ್ಜೆ ನೋಡುತ್ತಾ ಕೂರುತ್ತಿದ್ದ. ಪ್ರಜೆಗಳ ಮುಖ ಅವನಿಗೆ ಗೊತ್ತಿರಲಿಲ್ಲ. ಹೆಜ್ಜೆ ಓದಿ ಹೇಳಲು ಒಬ್ಬ ಹೆಜ್ಜೆ ಮಂತ್ರಿ ಇದ್ದ, ಪಾದಪ್ಪಯ್ಯ ಅಂತ.

ಪಾದಪ್ಪಯ್ಯ ಚಿಗರಿಯ ಹೆಜ್ಜೆಗಳನ್ನು ನೋಡಿ ಬೆವರಿದ.

"ಮಹಾಸ್ವಾಮಿ, ಇಬ್ಬರು ಒಂಟಿಕಾಲಿನವರು ಪಕ್ಕಪಕ್ಕದಲ್ಲೇ ಹೋಗಿದ್ದಾರೆ. ಆದರೆ ಒಬ್ಬರಿಗೊಬ್ಬರು ಬೆನ್ನು ಹಾಕಿದ್ದಾರೆ. ಇಬ್ಬರಿಗೂ ಜಗಳವಾಗಿದೆ."

"ನನ್ನ ರಾಜ್ಯದಲ್ಲಿ ಜಗಳವೇ!" ರಾಜ ಎದೆ ಬಡಿದುಕೊಂಡ. "ಅವರನ್ನು ಹುಡುಕಿ ರಾಜಿ ಮಾಡಿಸಿ!"

ಹುಡುಕಿದರು. ಒಂಟಿಕಾಲಿನವರು ಸಿಗಲಿಲ್ಲ. ಸಿಗಲಿಲ್ಲ ಅಂದರೆ ಅಡಗಿದ್ದಾರೆ. ಅಡಗಿದ್ದಾರೆ ಅಂದರೆ ಕಳ್ಳರು. ಕಳ್ಳರು ಅಂದರೆ ಏನೋ ಕದ್ದಿದ್ದಾರೆ. ಊರಿನವರೆಲ್ಲ ಮನೆಮನೆಯಲ್ಲಿ ತಡಕಾಡಿದರು. ಏನೂ ಹೋಗಿರಲಿಲ್ಲ. ಹಾಗಾದರೆ ಹೋಗಿರುವುದು ನಮ್ಮಲ್ಲಿ ಇತ್ತು ಅಂತ ನಮಗೇ ಗೊತ್ತಿಲ್ಲದ ವಸ್ತು! ಊರಿಗೆ ಊರೇ ಗೋಳಾಡಿತು. "ಅಯ್ಯೋ, ಏನಿತ್ತೋ ಏನೋ, ಎಷ್ಟು ಚೆನ್ನಾಗಿತ್ತೋ ಏನೋ!" ಅಂತ ಒಬ್ಬ ಅಜ್ಜಿ ಬೀದಿಯಲ್ಲಿ ಕೂತು ಅತ್ತಳು. ಅವಳನ್ನು ಸಮಾಧಾನ ಮಾಡಲು ಹೋದವರೂ ಕೂತು ಅತ್ತರು.

ಪಾದಪ್ಪಯ್ಯ ಹೆಜ್ಜೆ ಹಿಡಿದುಕೊಂಡು ಹೊರಟವನು ನೇರ ಹಾಲೇಶಪ್ಪನ ಮನೆಗೆ ಬಂದ. ಹಾಲೇಶಪ್ಪ ಅನ್ನದ ತಟ್ಟೆ ಹಿಡಿದು ಕೆಂಚಣ್ಣನ ಹಿಂದೆ ಓಡುತ್ತಿದ್ದ. ಬಾಗಿಲಲ್ಲಿ ಪುಟ್ಟ ಚಪ್ಪಲಿಗಳಿದ್ದವು. ಮಂತ್ರಿಗೆ ಎಲ್ಲ ತಿಳಿಯಿತು. ಆದರೆ ತಾನು ಓದಿದ್ದು ತಪ್ಪು ಅಂತ ರಾಜನಿಗೆ ಹೇಳುವಂತಿರಲಿಲ್ಲ.

"ನಾಳೆಯಿಂದ ಇವು ನೆಟ್ಟಗಿರಬೇಕು" ಅಂದ ಮಂತ್ರಿ.

"ಆಯ್ತು ಬುದ್ಧಿ" ಅಂದ ಹಾಲೇಶಪ್ಪ.

ಬೆಳಗಾಯಿತು. ಚಪ್ಪಲಿ ಬದಲಾಯಿಸಿಕೋ ಅಂದರೆ ಚಿಗರಿ ಕೇಳಲಿಲ್ಲ. ಬೆಲ್ಲ ತೋರಿಸಿದ, ಕೇಳಲಿಲ್ಲ. ಗುಮ್ಮನನ್ನು ಕರೆಯುತ್ತೇನೆ ಅಂದ, ಕರಿ ಅಂದಳು. ಕೊನೆಗೆ ಹಾಲೇಶಪ್ಪ ಅವಳ ಕಾಲು ಅದುಮಿ ಹಿಡಿದು, ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ಸಿಕ್ಕಿಸಿಬಿಟ್ಟ. ಚಿಗರಿ ಅತ್ತಳು. ಆಮೇಲೆ ಅಳು ನಿಲ್ಲಿಸಿದಳು.

ಆ ದಿನ ಬೀದಿಯ ಉದ್ದಕ್ಕೂ ಅವಳು, ಆ ನಾಯಿ ಯಾಕೆ ಹಂಗೆ ಮಲಗೈತೆ ಅಂತ ಕೇಳಲಿಲ್ಲ. ಜಿಲೇಬಿ ಕೊಡಿಸು ಅನ್ನಲಿಲ್ಲ. ಸಂಜೆ ಬರುವಾಗ ಹೆಗಲಿಗೆ ಹತ್ತಲಿಲ್ಲ. ಕಣ್ಣು ಎಳೆಯುತ್ತಿದ್ದರೂ, ಅಪ್ಪನ ಬೆರಳನ್ನೂ ಹಿಡಿಯದೆ, ತಾನೇ ನಡೆದು ಬಂದಳು. ಹಾಲೇಶಪ್ಪನ ಹೆಗಲು ಆ ದಿನ ಎಷ್ಟು ಹಗುರವಾಗಿತ್ತು ಅಂದರೆ ಅವನಿಗೆ ಅದನ್ನು ಹೊರಲು ಆಗಲಿಲ್ಲ.

ಅತ್ತ ಅರಮನೆಯಲ್ಲಿ ಹಬ್ಬ. ರಾಜ ಡಂಗುರ ಹೊಡೆಸಿದ. "ಒಂಟಿಕಾಲಿನವರು ರಾಜಿಯಾಗಿದ್ದಾರೆ! ರಾಜಿಯಾದವರು ಕದ್ದದ್ದನ್ನು ವಾಪಸು ಇಟ್ಟಿರಲೇಬೇಕು!" ಊರಿನವರು ಮನೆಗೆ ಹೋಗಿ ನೋಡಿದರು. ನಿಜ, ಏನೂ ಹೋಗಿರಲಿಲ್ಲ. ಎಲ್ಲರಿಗೂ ಸಮಾಧಾನವಾಯಿತು. ಅಜ್ಜಿ ಕಣ್ಣೊರೆಸಿಕೊಂಡು ಪಾಯಸ ಮಾಡಿದಳು.

ಹಾಲೇಶಪ್ಪ ಮಾತ್ರ ತನ್ನ ಪಾಲಿನ ಪಾಯಸವನ್ನು ಕಟ್ಟೆಯ ಎಮ್ಮೆಗೆ ಇಟ್ಟ. ಮರುದಿನ ಬೆಳಿಗ್ಗೆ ಚಿಗರಿಯ ಮುಂದೆ ಚಪ್ಪಲಿ ಇಟ್ಟು, "ನಿಂಗೆ ಹೆಂಗ್ ಬೇಕೋ ಹಂಗೆ ಮೆಟ್ಟಿಕೊಳ್ಳವ್ವಾ" ಅಂದ. ಅವಳು ಅಪ್ಪನನ್ನು ಓರೆಗಣ್ಣಿನಲ್ಲಿ ನೋಡಿ ಉಲ್ಟಾ ಮೆಟ್ಟಿಕೊಂಡಳು. ಹಾಲೇಶಪ್ಪನೂ ತನ್ನ ಚಪ್ಪಲಿಗಳನ್ನು ಉಲ್ಟಾ ಮೆಟ್ಟಿದ. ಹೆಬ್ಬೆರಳು ಹೊರಗೆ ಬಂತು, ಕಾಲು ಉಳುಕಿತು, ಕಿರುಬೆರಳು ಬೈಯಿತು. ಅವನು ಕೇಳಲಿಲ್ಲ. ಬೀದಿಯ ನಟ್ಟನಡುವೆ, ಮಣ್ಣಿಗೆ ಚೆನ್ನಾಗಿ ಒತ್ತಿ ಒತ್ತಿ ಹೆಜ್ಜೆ ಹಾಕಿದ.

ಬರಬೇಕಾದವರು ಬಂದರು. ಅಪ್ಪನನ್ನೂ ಮಕ್ಕಳನ್ನೂ ಆಸ್ಥಾನಕ್ಕೆ ಎಳೆದುಕೊಂಡು ಹೋದರು.

ರಾಜ ಚಪ್ಪಲಿಯನ್ನು ತಿರುಗಿಸಿ ನೋಡಿದ. "ಊರಿನ ಎಲ್ಲ ಚಪ್ಪಲಿಗಳ ಹಾಗೆ ಇದರ ಮೇಲೂ ಅರಮನೆಯ ಮುದ್ರೆ ಇದೆ. ಮುದ್ರೆ ಬಿದ್ದದ್ದು ತಪ್ಪಾಗಲಾರದು. ಕಾಲಿನ ಮೇಲೆ ಮುದ್ರೆ ಇದೆಯೇ?"

ಪಾದಪ್ಪಯ್ಯ ಚಿಗರಿಯ ಅಂಗಾಲು ಪರೀಕ್ಷೆ ಮಾಡಿದ. ಮುದ್ರೆ ಇರಲಿಲ್ಲ. ಒಂದಿಷ್ಟು ಬೆಲ್ಲ, ಅದಕ್ಕೆ ಅಂಟಿದ ಒಂದು ಇರುವೆ ಇದ್ದವು.

"ಹಾಗಾದರೆ ತಪ್ಪು ಕಾಲಿನದು" ಅಂದ ರಾಜ. "ಬಡಗಿಯನ್ನು ಕರೆಸಿ. ಈ ಮಗುವಿನ ಎಡಗಾಲು ಬಿಚ್ಚಿ ಬಲಕ್ಕೆ ಹಾಕಲಿ, ಬಲಗಾಲು ಬಿಚ್ಚಿ ಎಡಕ್ಕೆ ಹಾಕಲಿ. ಎಲ್ಲ ನೆಟ್ಟಗಾಗುತ್ತದೆ."

ಬಡಗಿ ಗರಗಸ ತಂದ. ಚಿಗರಿ ಅಪ್ಪನ ಪಂಚೆಯ ಹಿಂದೆ ಸೇರಿಕೊಂಡಳು. ಆಸ್ಥಾನವೆಲ್ಲ ಹಾಲೇಶಪ್ಪನ ಬಾಯಿ ನೋಡಿತು. ಅಲ್ಲಿಂದ ಏನು ಬರುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು.

"ಆಗಲ್ಲ" ಅಂದ ಹಾಲೇಶಪ್ಪ.

ಆ ಮಾತು ಅವನ ಬಾಯಿಂದ ಹಿಂದೆಂದೂ ಹೊರಬಂದದ್ದಲ್ಲ. ತುಕ್ಕು ಹಿಡಿದ ಬಾಗಿಲಿನ ಹಾಗೆ ಕಿರ್ರ್ ಅಂತ ಬಂತು. ಆದರೆ ಒಂದು ಸಲ ತೆರೆದ ಬಾಗಿಲು ಎರಡನೆಯ ಸಲ ಸರಾಗ.

"ಆಗಲ್ಲ!"

"ಏನೆಂದ ಇವನು?" ರಾಜ ಮಂತ್ರಿಯನ್ನು ಕೇಳಿದ. ಮಂತ್ರಿ ಪಂಡಿತರನ್ನು ಕೇಳಿದ. ಆ ಆಸ್ಥಾನದಲ್ಲಿ ಆ ಮಾತನ್ನು ಯಾರೂ ಕೇಳಿರಲಿಲ್ಲ. ಪಂಡಿತರು ಅದು ಯಾವುದೋ ಸೊಪ್ಪಿನ ಹೆಸರಿರಬೇಕು ಅಂದರು.

"ಬಾಯಲ್ಲಿ ಹೇಳಿದ್ರೆ ತಿಳಿಯಲ್ಲ ಬುದ್ಧಿ" ಅಂದ ಹಾಲೇಶಪ್ಪ. "ನನ್ನ ಮಗನಿಗೆ ಒಂದು ತುತ್ತು ಅನ್ನ ತಿನ್ನಿಸಿ. ತಿಳೀತದೆ."

"ಅಷ್ಟೇ ತಾನೇ?" ಅಂದ ರಾಜ.

ಚಿನ್ನದ ತಟ್ಟೆಯಲ್ಲಿ ಮೊಸರನ್ನ ಬಂತು. ರಾಜ ತುತ್ತು ಮಾಡಿ ಕೆಂಚಣ್ಣನ ಬಾಯಿಯ ಹತ್ತಿರ ಹಿಡಿದ. ಕೆಂಚಣ್ಣ ತುಟಿ ಬಿಗಿದು ಮುಖ ತಿರುಗಿಸಿದ. ರಾಜ ಆ ಕಡೆಗೆ ಹೋದ. ಕೆಂಚಣ್ಣ ಈ ಕಡೆಗೆ ತಿರುಗಿಸಿದ.

"ಬಾಯಿ ತೆರೆ. ಇದು ರಾಜಾಜ್ಞೆ."

ತೆರೆಯಲಿಲ್ಲ. ಡಂಗುರ ಹೊಡೆಸಿದರು, ತೆರೆಯಲಿಲ್ಲ. ಪಾದಪ್ಪಯ್ಯ ಕಾಗೆಯಾದ. ಸೇನಾಪತಿ ಆನೆಯಾಗಿ ಅಂಬೆಗಾಲಿಟ್ಟ. ಪಂಡಿತರು ಸಾಲಾಗಿ ನಿಂತು "ಅಪ್ಪನಿಗೊಂದು ತುತ್ತು, ಅಮ್ಮನಿಗೊಂದು ತುತ್ತು" ಅಂತ ಹಾಡಿದರು. ಕೆಂಚಣ್ಣ ಎಲ್ಲವನ್ನೂ ಆಸಕ್ತಿಯಿಂದ ನೋಡಿದ, ಬಾಯಿ ಮುಚ್ಚಿಕೊಂಡೇ. ರಾಜ ಸಿಟ್ಟಿನಿಂದ ಕತ್ತಿ ಹಿರಿದ. ಕತ್ತಿ ಫಳಫಳ ಹೊಳೆಯಿತು. "ಅದು ಕೊಡು!" ಅಂತ ಕೆಂಚಣ್ಣ ಬಾಯಿ ತೆರೆದ. ಎಲ್ಲರೂ "ಈಗ, ಈಗ!" ಅಂತ ಕೂಗಿದರು. ಆ ಕೂಗಿಗೆ ಬೆಚ್ಚಿ ರಾಜ ತುತ್ತನ್ನು ತನ್ನ ಬಾಯಿಗೇ ಹಾಕಿಕೊಂಡುಬಿಟ್ಟ.

ಹೊತ್ತು ಇಳಿಯಿತು. ರಾಜನ ಮೀಸೆಯಲ್ಲಿ ಮೊಸರು, ಕಿರೀಟದಲ್ಲಿ ಅಗುಳು. ಸೋತು ನೆಲದ ಮೇಲೆ ಕೂತ.

"ಇವನು ನನಗೆ ಹೆದರುವುದಿಲ್ಲವೇನಯ್ಯ?"

"ಹಸಿವಿಗೇ ಹೆದರಲ್ಲ ಬುದ್ಧಿ. ನಿಮಗ್ಯಾಕೆ ಹೆದರ್ತಾನೆ?"

"ಇದನ್ನು ನೀನು ದಿನಾ ಮಾಡುತ್ತೀಯಾ?"

"ಹೊತ್ತು ಹೊತ್ತಿಗೂ. ಆಮೇಲೆ ಸ್ನಾನ ಐತೆ. ಅದಕ್ಕೆ ಸೈನ್ಯ ಸಾಲಲ್ಲ."

ರಾಜ ಬಡಗಿಯ ಕಡೆ ನೋಡಿದ. ಬಡಗಿ ಆಗಲೇ ಗರಗಸವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದ. ಅವನ ಮನೆಯಲ್ಲೂ ಮಕ್ಕಳಿದ್ದವು, ಅದೂ ಅವಳಿ.

ಆದರೂ ರಾಜ ಅಂದಮೇಲೆ ರಾಜ. ಚೌಕಾಸಿಗೆ ಇಳಿದ. "ಮಗೂ, ಉಲ್ಟಾ ಮೆಟ್ಟಿಕೋ, ಆದರೆ ಹಿಮ್ಮುಖವಾಗಿ ನಡಿ. ಲೆಕ್ಕ ಸರಿಹೋಗುತ್ತದೆ."

"ಆಗಲ್ಲ" ಅಂದಳು ಚಿಗರಿ, ಪಂಚೆಯ ಹಿಂದಿನಿಂದಲೇ.

"ಒಂದು ಕಾಲಿಗೆ ಮಾತ್ರ ಉಲ್ಟಾ?"

"ಆಗಲ್ಲ."

"ಹಬ್ಬದ ದಿನವಾದರೂ ನೆಟ್ಟಗೆ?"

"ಆಗಲ್ಲ!" ಈ ಸಲ ಕೆಂಚಣ್ಣನೂ ಅಂದ.

"ಹಾಗಾದರೆ ನಾನು ಏನು ಮಾಡಲಿ?" ರಾಜನ ದನಿ ಅಳುವಂತಾಗಿತ್ತು.

ಚಿಗರಿ ಹೊರಗೆ ಬಂದು ಯೋಚನೆ ಮಾಡಿದಳು. "ನೀನು ಹಿತ್ತಲ ಕಡಿಗೆ ತಿರುಗಿ ಕೂತ್ಕ."

ಸಿಂಹಾಸನಕ್ಕೆ ಇನ್ನೊಂದು ಕಡೆ ಇರಬಹುದು ಅಂತ ಆ ರಾಜನಿಗೆ ತೋಚಿಯೇ ಇರಲಿಲ್ಲ. ತಿರುಗಿಸಿ ಹಾಕಿಸಿದ. ಅರಮನೆಯ ಹಿತ್ತಲಿನಲ್ಲಿ ಕೆರೆ, ಕೆರೆಯ ದಂಡೆಯ ಕೆಸರಿನಲ್ಲಿ ಬಾತುಕೋಳಿಗಳು. ಬಾತುಕೋಳಿಯ ಒಂದೊಂದು ಹೆಜ್ಜೆಯೂ ಮೂರು ಕಡೆಗೆ ಕೈ ತೋರಿಸುತ್ತದೆ. ಅದು ಹೋದದ್ದು ಯಾವ ಕಡೆಗೆ? ಪಾದಪ್ಪಯ್ಯ ಬಗ್ಗಿದವನು ಮೇಲೇಳಲಿಲ್ಲ.

ಹಾಲೇಶಪ್ಪ ಮಕ್ಕಳನ್ನು ಕರೆದುಕೊಂಡು ಮನೆಗೆ ಬಂದ. ಕೆಂಚಣ್ಣನಿಗೆ ಹಸಿವಾಗಿತ್ತು, ಗಬಗಬ ಉಂಡ.

ಮರುದಿನ ಬೆಳಿಗ್ಗೆ ಮನೆಯ ಮುಂದೆ ಡಂಗುರ. "ಕೇಳ್ರಪ್ಪೋ ಕೇಳ್ರಿ! ಹಾಲೇಶಪ್ಪನ ಮಕ್ಕಳು ಚಪ್ಪಲಿಯನ್ನು ತಮಗೆ ಬೇಕಾದ ಹಾಗೆ ಮೆಟ್ಟಿಕೊಳ್ಳಲು ಮಹಾಸ್ವಾಮಿಗಳು ದೊಡ್ಡ ಮನಸ್ಸು ಮಾಡಿ ಅಪ್ಪಣೆ ಕೊಟ್ಟಿದ್ದಾರೆ!"

ಹಾಲೇಶಪ್ಪ ಸೀಗೆಪುಡಿ ಮೆತ್ತಿದ ಮಗನನ್ನು ಕಂಕುಳಲ್ಲಿ ಇರುಕಿಕೊಂಡು ಹೊರಗೆ ಬಂದ. ಹಿಂದಿನ ಹಾಲೇಶಪ್ಪನಾಗಿದ್ದರೆ ಕೈಮುಗಿಯುತ್ತಿದ್ದ.

"ಅಪ್ಪಣೆನಾ?" ಅಂದ. "ಕೇಳ್ದೋರು ಯಾರು?"

ಡಂಗುರದವನು ತನಗೆ ಹೇಳಿಕೊಟ್ಟಿದ್ದನ್ನೇ ಇನ್ನೊಂದು ಸಲ ಸಾರಿದ.

ಚಿಗರಿ ಅರ್ಧ ಜಡೆಯಲ್ಲಿ ಓಡಿ ಬಂದಳು. "ರಾಜ ಮೆಟ್ಕ ಅಂದ್ನಾ? ಹಂಗಾದ್ರೆ ನಂಗೆ ಬ್ಯಾಡ." ಚಪ್ಪಲಿಗಳನ್ನು ಎತ್ತಿ ಎರಡೂ ಕೈಗೆ ತೊಟ್ಟುಕೊಂಡಳು. ಬರಿಗಾಲಿನಲ್ಲಿ ಬೀದಿಗಿಳಿದು ಪಟಾರ್ ಅಂತ ಒಂದಕ್ಕೊಂದು ಬಡಿದಳು. ಕೆಂಚಣ್ಣನೂ ಅಪ್ಪನ ಕಂಕುಳಿನಿಂದ ಜಾರಿ ತನ್ನವನ್ನು ಕೈಗೆ ತೊಟ್ಟ.

ಭಟ್ಟಿಗೆ ಹೊತ್ತಾಗುತ್ತಿತ್ತು. ಮರಳು ಕಾಯಬೇಕಿತ್ತು. ಹಾಲೇಶಪ್ಪ ಮಕ್ಕಳನ್ನು ನೋಡಿದ, ಡಂಗುರದವನನ್ನು ನೋಡಿದ, ತನ್ನ ಚಪ್ಪಲಿಗಳನ್ನು ಬಿಟ್ಟು ಕೈಗೆ ತೊಟ್ಟುಕೊಂಡ. ಮೂವರೂ ಅರಮನೆಯ ಮುಂದೆ, ರಾಜನ ಬೆನ್ನಿಗೆ ಸರಿಯಾಗಿ, ಪಟಾರ್ ಪಟಾರ್ ಅಂತ ಬಡಿಯುತ್ತಾ ಹೋದರು. ಬೇರೆ ಕೆಲಸವಿಲ್ಲದ ಡಂಗುರದವನು ಹಿಂದೆಯೇ ತಾಳ ಹಾಕುತ್ತಾ ನಡೆದ.

"ಏನದು ಸದ್ದು?" ರಾಜ ಬಾತುಕೋಳಿಗಳಿಂದ ಕಣ್ಣು ತೆಗೆಯದೆ ಕೇಳಿದ.

"ಅಪ್ಪಣೆ ಪಾಲನೆಯಾಗುತ್ತಿದೆ ಮಹಾಸ್ವಾಮಿ" ಅಂದ ಪಾದಪ್ಪಯ್ಯ, ಕೆಸರಿನೊಳಗಿಂದ.

ಅವರು ಹಾಗಿದ್ದಾರೆ, ನಾವು ಹೀಗಿದ್ದೇವೆ, ಹೂಂ ಅಂದವರ ಬಾಯಿ ಒಣಗಿದೆ. ನೀತಿ ಬೇಕು ಅನ್ನುವವರಿಗೆ ನೀತಿ ಇಷ್ಟು: ನಿಮ್ಮ ಮಗುವಿನ ಕಾಲು ಸರಿಮಾಡಲು ಯಾರಾದರೂ ಗರಗಸ ಹಿಡಿದು ಬಂದರೆ, ಮೊದಲು ಅವರ ಕೈಗೆ ಮೊಸರನ್ನದ ತಟ್ಟೆ ಕೊಡಿ.