ನೀರಲದಿನ್ನಿಯ ಕವಡಿಕಟ್ಟೆ

ನೀರಲದಿನ್ನಿಯ ಸಿಹಿನೀರಿನ ಬಾವಿಯ ಪಕ್ಕ, ಬೇವಿನ ನೆರಳಿನಲ್ಲಿ ಒಂದು ಕಟ್ಟೆಯಿದೆ. ಹೆಸರು ಕವಡಿಕಟ್ಟೆ. ಸುಡುಬಿಸಿಲಲ್ಲೂ ಅದರ ಮೇಲೆ ಯಾರೂ ಕೂರುವುದಿಲ್ಲ. ಕವಡೆ ಹುಟ್ಟುವ ಕಡಲನ್ನು ಈ ಊರಿನ ಎಷ್ಟೋ ತಲೆಮಾರು ಕಂಡೇ ಇಲ್ಲ. ಬೇರೆ ನಾಡುಗಳಲ್ಲಿ ಕವಡೆ ಕೊಟ್ಟು ಉಪ್ಪು ಕೊಂಡರು, ಕೂಸಿನ ತೊಟ್ಟಿಲಿಗೆ ಕಟ್ಟಿದರು, ಎತ್ತಿನ ಹಣೆಪಟ್ಟಿಗೆ ಹೊಲಿದರು. ನೀರಲದಿನ್ನಿಯವರು ಅದನ್ನು ಸಾಕ್ಷಿಗೆ ಕರೆದರು.

ಹಿಂದೆ ಒಮ್ಮೆ ಈ ಬಾವಿಯ ನೀರು ಕುಡಿದು ಊರಿನ ಎತ್ತುಗಳು ಸತ್ತವಂತೆ. ಯಾರೋ ಕಳ್ಳಿಹಾಲು ಸುರಿದಿದ್ದರು. ಬಾವಿಯಿದ್ದದ್ದು ವಿಧವೆ ಗಿರೆವ್ವನ ಪಾಲಿನ ಹೊಲದಲ್ಲಿ. ಇದು ಅವಳದೇ ಕೆಲಸ, ಊರು ಬಿಡಿಸಿರಿ ಎಂದು ಅವಳ ಭಾವ ದ್ಯಾವನಗೌಡ ಪಟ್ಟು ಹಿಡಿದ. ಅವಳು ಹೋದರೆ ಹೊಲವೂ ಬಾವಿಯೂ ಅವನವೇ. ನಿರ್ಣಯಕ್ಕೆ ಎಲ್ಲಮ್ಮನ ಜೋಗತಿ ಮಾನವ್ವನನ್ನು ಕರೆಸಿದರು. ಮಾನವ್ವನಿಗೆ ಗೌಡನನ್ನು ಕಂಡರಾಗದು. ಗಿರೆವ್ವನನ್ನು ಕಂಡರೆ ಇನ್ನೂ ಆಗದು. ಜೋಗ ಬೇಡಲು ಹೋದಾಗ ಜೋಳದ ಬದಲು ನಾಯಿ ಬಿಟ್ಟವಳು ಅವಳು.

ಪದ್ಧತಿಯ ಪ್ರಕಾರ ಆಪಾದನೆ ಹೊತ್ತವರೇ ಕವಡೆ ಚೆಲ್ಲಬೇಕು. ಎಲ್ಲವೂ ಬೋರಲು ಬಿದ್ದರೆ ಕೈ ಶುದ್ಧ. ಎಲ್ಲವೂ ಬಾಯಿ ಮೇಲಾಗಿ ಬಿದ್ದರೆ, ಚೆಲ್ಲಿದ ಕೈ ಯಾರದೋ ತಪ್ಪೂ ಅವರದೇ. ಬೆರಕೆ ಬಿದ್ದರೆ ಮತ್ತೆ ಚೆಲ್ಲಬೇಕು. ಮಾನವ್ವ ಕೊರಳ ಸರ ಬಿಚ್ಚಿ ಕವಡೆಗಳನ್ನು ಗಿರೆವ್ವನ ಬೊಗಸೆಗೆ ಸುರಿದಳು. ಬಾಯಿ ತೆರೆಯಲಿ ಎಂದೇ ಜೋಗತಿಯ ಒಳಮನಸ್ಸು. ಕಟ್ಟೆಯ ಮೇಲೆ ಎಲ್ಲವೂ ಬೋರಲು ಬಿದ್ದವು.

"ಈಕಿಗೆ ಚೆಲ್ಲಾಕ ಬರೂದಿಲ್ಲ!" ಗೌಡ ಗುಡುಗಿದ.

"ರೊಟ್ಟಿ ಬಡಿಯೂ ಕೈ, ಭಾವಾರ. ಇಷ್ಟು ಬರೂದಿಲ್ಲೇನು?" ಎಂದಳು ಗಿರೆವ್ವ.

"ಹಿಂಗ ಚೆಲ್ಲಬೇಕು, ನೋಡು!" ಎಂದವನೇ ಕವಡೆಗಳನ್ನು ಬಾಚಿ ಬೀಸಿ ಒಗೆದ. ಒಂದೂ ಬಿಡದೆ ಬಾಯಿ ತೆರೆದು ಬಿದ್ದವು.

ಗೌಡ ಇನ್ನೊಮ್ಮೆ ಕೈ ಚಾಚಿದ. ಮಾನವ್ವ ಅವನ ಮುಂಗೈ ಹಿಡಿದಳು.

"ಗೌಡ್ರ, ನಿಮ್ಮ ಕೈ ಮಾತಾಡಿ ಮುಗಿಸೇತಿ. ಮುಟ್ಟಿದ್ರ ಎಲ್ಲವ್ವನ ಆಣಿ."

ಕವಡೆ ಎತ್ತಿಕೊಂಡರೆ, ಬಿದ್ದದ್ದು ಬೋರಲೇ ಎಂದು ಬೆಳಗಾಗುವಷ್ಟರಲ್ಲಿ ಗೌಡನಿಗೆ ಅಂಜಿ ಊರೇ ಹೇಳೀತು ಎಂಬುದು ಅವಳಿಗೆ ಗೊತ್ತಿತ್ತು. ಗಾರೆ ಕಲಸಿಸಿ, ಬಿದ್ದ ಬಿದ್ದಲ್ಲೇ ಅವನ್ನು ಕೂರಿಸಿಬಿಟ್ಟಳು. ಆ ಸರವೇ ಅವಳ ಹೊಟ್ಟೆಪಾಡು. ಗಿರೆವ್ವ ಮೊರದ ತುಂಬ ಜೋಳ ತಂದರೆ, "ನಿನ್ನ ಸಲುವಾಗಿ ಮಾಡಿಲ್ಲ. ಮೊದಲ ನಾಯಿ ಕಟ್ಟು," ಎಂದು ಬರಿಗೊರಳಲ್ಲಿ ಊರು ಬಿಟ್ಟಳು ಎನ್ನುತ್ತಾರೆ.

ಬಾವಿ ಇಂದಿಗೂ ಗಿರೆವ್ವನ ವಂಶದವರದೇ. ಪ್ರತಿ ದೀಪಾವಳಿಗೆ ಗೌಡರ ಮನೆಯವರು ಬಂದು, ಯಾರನ್ನೂ ಮಾತಾಡಿಸದೆ, ಕಟ್ಟೆಗೆ ದಪ್ಪನೆ ಸುಣ್ಣ ಬಳಿದು ಹೋಗುತ್ತಾರೆ. ಮುಂಗಾರಿನ ಮೊದಲ ಮಳೆ ಹುಯ್ದು ಸುಣ್ಣ ತೊಳೆದ ಮೇಲೆ ಹೋದವರಿಗೆ ಕವಡೆಗಳ ಹಲ್ಲು ಕಾಣುತ್ತವೆ.