ಹೊಳೆಮತ್ತಿಗೆ ಆರಿಸಿದ ಹಗ್ಗ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಅಲ್ಲಿ ಮಂತ್ರ ಹೇಳಿಕೊಡುತ್ತಿರಲಿಲ್ಲ, ಮರ ಹತ್ತುವುದನ್ನು ಹೇಳಿಕೊಡುತ್ತಿದ್ದರು.

ಗುರುಗಳ ಹೆಸರು ಕೆಂಚಯ್ಯ. ಹೆಂಡತಿ ಮಕ್ಕಳಿಲ್ಲದ ಮನುಷ್ಯ. ಒಣಗಿದ ಕೊಂಬೆ ಮನೆಯ ಮೇಲೆ ಬಾಗಿದರೆ, ಗಾಳಿಗೆ ಸೀಳಿದ ಮರ ದಾರಿಗೆ ತೂಗಿದರೆ, ಎರಡೂ ದಡದ ಊರಿನವರು ಓಡಿ ಬರುತ್ತಿದ್ದುದು ಅವರ ಬಳಿಗೇ. ಶಿಷ್ಯರನ್ನು ಅವರು ಕರೆಯುತ್ತಿದ್ದುದು ‘ಲೋ’ ಎಂದು. ಮೆಚ್ಚಿದರೂ ಲೋ, ಬೈದರೂ ಲೋ. ಮಗ, ಮರಿ ಎಂದು ಮುದ್ದು ಮಾಡುವ ಬಾಯಿ ಅದಲ್ಲ.

ಶಿಷ್ಯರಲ್ಲಿ ಚಲುವರಾಜನೇ ಮುಂದು. ಉಳಿದವರು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳುವುದರೊಳಗೆ ಅವನು ಮೊದಲ ಕವಲಿನಲ್ಲಿ ಕೂತು ಕಾಲಾಡಿಸುತ್ತಿದ್ದ. ತಾನೇ ಮುಂದು ಎಂಬುದು ಅವನಿಗೂ ಚೆನ್ನಾಗಿ ಗೊತ್ತಿತ್ತು. ಕಷ್ಟ ಇದ್ದದ್ದೇ ಅಲ್ಲಿ.

ವಿದ್ಯೆ ಮುಗಿಸಿದ ಶಿಷ್ಯನಿಗೆ ಗುರುಗಳು ತಮ್ಮ ಕೈಯಾರೆ ಒಂದು ಸೊಂಟಪಟ್ಟಿ ಹೊಲಿದು ಕೊಡುವುದು ಅಲ್ಲಿನ ಪದ್ಧತಿ. ಆ ಪಟ್ಟಿ ಸೊಂಟಕ್ಕೆ ಬಂದರೆ ಶಿಷ್ಯ ತನ್ನ ಹೆಸರಿನಲ್ಲೇ ಸ್ವತಂತ್ರವಾಗಿ ಮರ ಹತ್ತಬಹುದು. ಚಲುವರಾಜನಿಗೆ ಕನಸಿನಲ್ಲೂ ಅದೇ ಪಟ್ಟಿ.

“ಅಯ್ಯ, ನನಗೆ ಪಟ್ಟಿ ಯಾವಾಗ ಹೊಲಿದು ಕೊಡ್ತೀರಿ?” ಎಂದು ಒಂದು ದಿನ ಕೇಳಿಯೇ ಬಿಟ್ಟ.

“ನೀನು ಮರ ಹತ್ತೋದು ಕಲಿತಾಗ.”

“ನನ್ನಷ್ಟು ಬೇಗ ಇನ್ಯಾರು ಹತ್ತುತಾರೆ, ನೀವೇ ಹೇಳಿ.”

“ಕೋತಿ ಹತ್ತುತ್ತೆ. ಅದಕ್ಕೂ ನಾನು ಇನ್ನೂ ಪಟ್ಟಿ ಹೊಲಿದು ಕೊಟ್ಟಿಲ್ಲ.”

ಉಳಿದ ಶಿಷ್ಯರು ನಕ್ಕರು. ಚಲುವರಾಜ ಮುಖ ಊದಿಸಿಕೊಂಡು ಹೊಳೆಗೆ ಹೋಗಿ ಕೂತ.

ಆ ವಾರವೇ ಜೋರು ಗಾಳಿ ಬೀಸಿತು. ದಂಡೆಯ ಮೇಲಿದ್ದ ಹಳೆಯ ಹೊಳೆಮತ್ತಿ ಮರದ ದೊಡ್ಡ ಕೊಂಬೆಯೊಂದು ಸೀಳಿ, ಸ್ನಾನದ ಮೆಟ್ಟಿಲುಗಳ ನೆತ್ತಿಗೆ ಸರಿಯಾಗಿ ನೇತುಬಿತ್ತು. ಜನ ನೀರಿಗಿಳಿಯುವ ಜಾಗ. ಇವತ್ತು ಬೀಳುತ್ತದೋ ನಾಳೆ ಬೀಳುತ್ತದೋ ಎಂದು ಊರಿಗೆ ಊರೇ ಕತ್ತೆತ್ತಿ ನಿಂತಿತು.

ಚಲುವರಾಜ ಓಡಿ ಬಂದ. “ಅಯ್ಯ, ಇದನ್ನ ನಾನು ಇಳಿಸ್ತೀನಿ. ಇಳಿಸಿದರೆ ಪಟ್ಟಿ ಕೊಡ್ತೀರಾ?”

ಕೆಂಚಯ್ಯನವರು ಕೊಂಬೆಯನ್ನು ಬಹಳ ಹೊತ್ತು ನೋಡಿದರು. “ಇದನ್ನ ಇಳಿಸೋನು ನಾನು. ಸಾಮಾನು ಆರಿಸೋನು ನೀನು.”

ಚಲುವರಾಜನಿಗೆ ತಬ್ಬಿಬ್ಬಾಯಿತು. ಹತ್ತುವವನ ಸಾಮಾನನ್ನು ಹತ್ತುವವನೇ ಆರಿಸಿಕೊಳ್ಳಬೇಕು ಎಂಬುದು ಆಶ್ರಮದ ಕಟ್ಟುಪಾಡು, ಅದನ್ನು ಮಾಡಿದವರೂ ಇದೇ ಗುರುಗಳು. ಮೇಲಾಗಿ ಅರವತ್ತು ದಾಟಿದ ಜೀವ.

“ಅಯ್ಯ, ನಿಮ್ಮ ಮಂಡಿನೋವು...”

“ಮಂಡಿ ನಂದು, ನಾನು ನೋಡ್ಕತೀನಿ. ಹಗ್ಗ ನಿಂದು, ನೀನು ನೋಡ್ಕೊ. ಪಟ್ಟಿ ಮಾತು ಆಮೇಲೆ ಆಡಾಣ.”

ಬೆಳಗಾಗುತ್ತಲೇ ಚಲುವರಾಜ ಸಾಮಾನಿನ ಕೋಣೆಗೆ ಹೋದ. ಕೈ ಅಭ್ಯಾಸದಂತೆ ಅವನ ನೀಲಿ ಹಗ್ಗಕ್ಕೇ ಹೋಯಿತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವ ಹಾಗೆ, ಆ ಹಗ್ಗವೆಂದರೆ ಅವನಿಗೆ ಪ್ರಾಣ. ಅದೃಷ್ಟದ ಹಗ್ಗ ಎಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದ.

ಹಗ್ಗವನ್ನು ಬೆರಳುಗಳ ನಡುವೆ ಹಾಯಿಸಿದ. ಒಂದು ಕಡೆ ಹೆಬ್ಬೆರಳು ನಿಂತಿತು. ಹೊರಗೆ ಚಪ್ಪಟೆ, ಒಳಗೆ ಟೊಳ್ಳು. ಹೋದ ತಿಂಗಳು ಕವಲಿನ ಸಂದಿಯಲ್ಲಿ ಸಿಕ್ಕಿ ಉಜ್ಜಿದ ಜಾಗ ಅದು. ಪ್ರತಿಸಲವೂ ಅಲ್ಲಿ ಬೆರಳು ತಡೆಯುತ್ತಿತ್ತು, ಪ್ರತಿಸಲವೂ ಅವನು ‘ಇರಲಿ, ನನಗೇನಾಗುತ್ತೆ’ ಎಂದುಕೊಂಡು ಹತ್ತುತ್ತಿದ್ದ.

ಇವತ್ತು ‘ಇರಲಿ’ ಎನ್ನಲು ಬಾಯಿ ಬರಲಿಲ್ಲ. ಗುರುಗಳ ನರೆತ ತಲೆ ಕಣ್ಣ ಮುಂದೆ ಬಂತು. ಹಗ್ಗವನ್ನು ಪಕ್ಕಕ್ಕೆ ಎಸೆದ.

ಗೂಟದ ಮೇಲಿದ್ದ ಬಿಳಿ ಹಗ್ಗ ಇಳಿಸಿದ. ಕಣ್ಣು ಮುಚ್ಚಿ ಈ ತುದಿಯಿಂದ ಆ ತುದಿಗೆ ತಡವಿದ. ಮನಸ್ಸು ತುಂಬದೆ ಆ ತುದಿಯಿಂದ ಈ ತುದಿಗೆ ಬಂದ. ಗೇಣಿಗೊಮ್ಮೆ ಬಗ್ಗಿಸಿ ನೋಡಿದ. ಸೊಂಟಪಟ್ಟಿಯನ್ನು ಬಿಸಿಲಿಗೆ ಹಿಡಿದು ಹೊಲಿಗೆ ಹೊಲಿಗೆಯನ್ನೂ ಜಗ್ಗಿದ. ಉಕ್ಕಿನ ಕೊಂಡಿಗಳನ್ನು ಒಂದೊಂದಾಗಿ ತೆರೆದು ಬಿಟ್ಟ. ಒಂದರ ನಾಲಗೆ ಮರಳು ಸಿಕ್ಕಿ ತುಸು ತಡವಾಗಿ ಮುಚ್ಚಿಕೊಂಡಿತು, ಅದನ್ನೂ ಬದಿಗಿಟ್ಟ. ಗೋಡೆಯ ಮೇಲೆ ಮೊಳೆ ಹಾಕಿದ ಮೆಟ್ಟುಗಳು ನೇತಾಡುತ್ತಿದ್ದವು. ಹತ್ತಲು ಅವು ಸುಲಭ, ಆದರೆ ಜೀವಂತ ಮರದ ತೊಗಟೆಯನ್ನು ಗಾಯ ಮಾಡುತ್ತವೆ. ಕಡಿದು ಹಾಕಬೇಕಾದ ಸತ್ತ ಮರಕ್ಕೆ ಮಾತ್ರ ಅವನ್ನು ಮೆಟ್ಟುವುದು. ಅವನ್ನು ಅಲ್ಲಿಯೇ ಬಿಟ್ಟ.

ಜೊತೆಯ ಶಿಷ್ಯ ಮಂಟೇಲಿಂಗ ಬಾಗಿಲಲ್ಲಿ ನಿಂತು ಹಲ್ಲು ಕಿರಿದ. “ಏನ್ಲಾ ಚಲುವ, ಹೆಣ್ಣು ನೋಡಕ್ಕೆ ಹೋದಂಗೆ ನೋಡ್ತಿದ್ದೀಯಲ್ಲ! ಜನ ಕಾಯ್ತಾವ್ರೆ, ಬಾ.”

“ಕಾಯ್ಲಿ ಬಿಡು. ಆತುರಗಾರನಿಗೆ ಬುದ್ಧಿ ಮಟ್ಟ.”

ಹೇಳಿದ ಮೇಲೆ ಚಲುವರಾಜನಿಗೇ ಆಶ್ಚರ್ಯವಾಯಿತು. ಅದು ಗುರುಗಳು ದಿನಬೆಳಗಾದರೆ ಅವನಿಗೆ ಹೇಳುತ್ತಿದ್ದ ಮಾತು.

ಮರದ ಬುಡಕ್ಕೆ ಬಂದು, ತೆಳುದಾರ ಕಟ್ಟಿದ ಮರಳುಚೀಲವನ್ನು ಮೇಲಕ್ಕೆ ಬೀಸಿದ. ಅದು ದಾಟಿದ ರೆಂಬೆ ಅವನಿಗೆ ಒಪ್ಪಿಗೆಯಾಗಲಿಲ್ಲ. ಎಳೆದು ಮತ್ತೆ ಬೀಸಿದ. ಈಗ ಕಾಂಡಕ್ಕೆ ಹತ್ತಿರದಲ್ಲಿ, ಹಸಿರು ತುಂಬಿದ, ತೊಡೆಗಿಂತ ದಪ್ಪದ ಕೊಂಬೆ ಸಿಕ್ಕಿತು. ದಾರದ ಹಿಂದೆಯೇ ಹಗ್ಗ ಏರಿಸಿ, ಮಂಟೇಲಿಂಗನನ್ನೂ ಕರೆದು ಇಬ್ಬರೂ ಒಟ್ಟಿಗೆ ಜೋತುಬಿದ್ದರು. ಕೊಂಬೆ ಕಿರ್ರೆನ್ನಲಿಲ್ಲ. ಆಮೇಲೆ, ತೂಕ ಬಿದ್ದ ಕೂಡಲೇ ಹಗ್ಗವನ್ನು ಕಚ್ಚಿ ಹಿಡಿಯುವ ಗಂಟನ್ನು ಕಟ್ಟಿದ. ಬಿಚ್ಚಿ ಮತ್ತೊಮ್ಮೆ ಕಟ್ಟಿದ.

ಹೊತ್ತು ಏರಿತ್ತು. ಸ್ನಾನಕ್ಕೆ ಬಂದು ದೂರದಲ್ಲಿ ಕಾಯುತ್ತಿದ್ದವರು ಗೊಣಗುತ್ತಿದ್ದರು. ಕೆಂಚಯ್ಯನವರು ಬಂದು, ಅಂಗಿ ತೊಡಿಸಿಕೊಳ್ಳುವ ಮಗುವಿನ ಹಾಗೆ ಎರಡೂ ಕೈ ಎತ್ತಿ ನಿಂತರು. ಚಲುವರಾಜ ಪಟ್ಟಿ ಬಿಗಿದ, ಕೊಂಡಿ ಸಿಕ್ಕಿಸಿದ, ಗದ್ದದ ಕೆಳಗೆ ಹೆಲ್ಮೆಟ್ಟಿನ ಪಟ್ಟಿ ಎಳೆದ.

“ನಿನ್ನ ನೀಲಿ ಹಗ್ಗ ಎಲ್ಲೋ?” ಎಂದರು ಗುರುಗಳು. “ಅದೃಷ್ಟದ್ದು ಅಂತಿದ್ದೆ.”

“ಅದು ಬೇಡಿ ಅಯ್ಯ. ಒಂದು ಕಡೆ ಒಳಗೆ ಟೊಳ್ಳಾಗಿದೆ.”

“ಯಾವಾಗಿಂದ?”

“ಹೋದ ತಿಂಗಳಿಂದ.”

“ಹ್ಞೂ,” ಎಂದಷ್ಟೇ ಹೇಳಿ ಗುರುಗಳು ಮರವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತತೊಡಗಿದರು.

ನಿಧಾನವಾಗಿ ಹತ್ತಿದರು. ಅರ್ಧ ದಾರಿಯಲ್ಲಿ ಒದ್ದೆ ತೊಗಟೆ ಅಂಗಾಲಿನ ಕೆಳಗೆ ಕಿತ್ತುಬಂತು. ಗುರುಗಳ ಎರಡೂ ಕಾಲು ಜಾರಿದವು.

ಕೆಳಗಿದ್ದವರು ಹೋ ಎಂದರು. ಚಲುವರಾಜನ ಜೀವ ಬಾಯಿಗೆ ಬಂತು.

ಗಂಟು ಕಚ್ಚಿತು. ಗುರುಗಳು ಬೆರಳಗಲ ಕೂಡ ಇಳಿಯದೆ, ತೊಟ್ಟಿಲಲ್ಲಿ ಕೂತವರಂತೆ ನಿಂತಲ್ಲೇ ತೂಗಿದರು. ಮೇಲಿನಿಂದ ನಗು ಕೇಳಿಸಿತು.

“ಯಾರ್ಲಾ ಈ ಗಂಟು ಕಟ್ಟಿದ್ದು?”

“ನಾನು ಅಯ್ಯ!” ಎಂದು ಚಲುವರಾಜ ಆಚೆ ದಡಕ್ಕೂ ಕೇಳುವ ಹಾಗೆ ಕೂಗಿದ. ಬೇಗ ಹತ್ತಿ ಗೆದ್ದ ಯಾವ ದಿನವೂ ಅವನ ಎದೆ ಇಷ್ಟು ಉಬ್ಬಿರಲಿಲ್ಲ.

ಗುರುಗಳು ಸೀಳಿದ ಕೊಂಬೆಗೆ ಬೇರೆ ಹಗ್ಗ ಬಿಗಿದು, ತುಂಡು ತುಂಡಾಗಿ ಕೊಯ್ದು ಇಳಿಸಿದರು. ಒಂದು ಮೆಟ್ಟಿಲಿನ ಮೂಲೆಯೂ ಮುಕ್ಕಾಗಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಆಚೆ ದಡದಿಂದ ಬಂದಿದ್ದ ಅಂಬಿಗ, “ನಾಳೆ ನಮ್ಮೂರ ಹುಣಸೆಮರಕ್ಕೂ ಯಾರನ್ನಾದರೂ ಕಳಿಸಿ ಸ್ವಾಮಿ,” ಎಂದು ಕೈಮುಗಿದ. ಗುರುಗಳು ತಲೆಯಾಡಿಸಿದರು.

ಜನ ಚದುರಿದ ಮೇಲೆ ಅವರು ಬುಡದಲ್ಲಿ ಕೂತು ಬೆವರು ಒರೆಸಿಕೊಂಡರು. “ಇಷ್ಟು ವರ್ಷದಲ್ಲಿ ಇವತ್ತಿನಷ್ಟು ನಿಶ್ಚಿಂತೆಯಾಗಿ ನಾನು ಯಾವ ಮರಾನೂ ಹತ್ತಿರಲಿಲ್ಲ ಕಣ್ಲಾ.”

ಚಲುವರಾಜನ ಕಣ್ಣು ತುಂಬಿತು.

“ಹೋಗು, ಆ ನೀಲಿ ಹಗ್ಗ ತಗೊಂಡು ಬಾ.”

ತಂದ. ಗುರುಗಳು ಅದನ್ನು ಬೆರಳಲ್ಲಿ ಹಾಯಿಸಿದರು. ಅವರ ಹೆಬ್ಬೆರಳೂ ಅಲ್ಲಿಯೇ ನಿಂತಿತು.

“ನೆನ್ನೆ ಬೇವಿನಮರ ಯಾವ ಹಗ್ಗದಲ್ಲಿ ಹತ್ತಿದ್ದೆ?”

“ಇದರಲ್ಲೇ ಅಯ್ಯ.”

“ಟೊಳ್ಳು ಇರೋದು ಗೊತ್ತಿತ್ತು.”

“ಗೊತ್ತಿತ್ತು.”

“ಮತ್ತೆ ನನಗ್ಯಾಕೆ ಬೇಡ ಅಂದೆ?”

“ನೀವು ಬಿದ್ದುಬಿಟ್ಟಿದ್ದರೆ...” ಚಲುವರಾಜ ಕಾಲಬೆರಳಿನಿಂದ ಮಣ್ಣು ಕೆರೆಯುತ್ತ ನಿಂತ. “ನಾನು ಬಿದ್ದರೆ ಯಾರಿಗೇನು ನಷ್ಟ ಅಯ್ಯ. ನಾನು ತಾನೇ ಬೀಳೋದು.”

ಗುರುಗಳು ಸೊಂಟದ ಚೂರಿ ತೆಗೆದು ಅವನ ಕೈಗಿತ್ತರು.

ಚಲುವರಾಜ ಅರ್ಥಮಾಡಿಕೊಂಡ. ಮತ್ತೆ ಯಾರೂ ತಿಳಿಯದೆ ಎತ್ತಿಕೊಂಡು ಹತ್ತದಂತೆ, ತನ್ನ ಅದೃಷ್ಟದ ಹಗ್ಗವನ್ನು ಗೇಣುಗೇಣಾಗಿ ಕತ್ತರಿಸಿ ಹಾಕಿದ.

ತಲೆಯೆತ್ತಿದಾಗ ಗುರುಗಳು ಒಳಗೆ ಹೋಗಿ ಬಂದಿದ್ದರು. ಅವರ ಕೈಯಲ್ಲಿ ಹೊಸ ಸೊಂಟಪಟ್ಟಿ ಇತ್ತು. ಒತ್ತೊತ್ತಾಗಿ ಹಾಕಿದ ಕೆಂಪು ದಾರದ ಹೊಲಿಗೆ. ಒಂದೆರಡು ದಿನದ ಕೆಲಸವಲ್ಲ ಅದು. ಅಳತೆಯನ್ನು ಯಾವಾಗ ತೆಗೆದಿದ್ದರೋ, ಚಲುವರಾಜನ ಸೊಂಟಕ್ಕೆ ಹೇಳಿ ಮಾಡಿಸಿದ ಹಾಗೆ ಕೂತಿತು.

ಗುರುಗಳು ಪಟ್ಟಿಯನ್ನು ಬಿಗಿದರು. ಒಂದೊಂದು ಹೊಲಿಗೆಯನ್ನೂ ಜಗ್ಗಿ ನೋಡಿದರು. ಆಮೇಲೆ ಅವನ ಹೆಗಲ ಮೇಲೆ ಕೈಯಿಟ್ಟರು.

“ನಾಳೆ ಆಚೆ ದಡದ ಹುಣಸೆಮರ ಹತ್ತೋನು ನನ್ನ ಮಗ,” ಎಂದರು. “ಅವನಿಗೂ ಇವತ್ತಿನಷ್ಟೇ ಹೊತ್ತು ತಗೊಂಡು ಹಗ್ಗ ಆರಿಸಿಕೊಡು.”